ಒಂದೇ ಮಾತು ಹೇಳಿದ ಮೂವರು

ಅಮ್ಮ ಕಾಯಿಲೆ ಬಿದ್ದ ಚಳಿಗಾಲದಲ್ಲಿ ನಮ್ಮ ಊಟದ ಮೇಜಿನ ಮೇಲೆ ತಟ್ಟೆ ಇಡಲು ಜಾಗವಿರಲಿಲ್ಲ. ಚೆನ್ನೈನ ಟಿ. ನಗರದಿಂದ ತಂದ ಚಾರ್ಟ್ ಹಾಳೆಗಳನ್ನು ಅಲ್ಲಿ ಹರಡಿಕೊಂಡು ನಾನು ಎಂ.ಫಿಲ್. ಪ್ರಬಂಧ ಬರೆಯುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಬುದ್ಧನ ಕೊನೆಯ ದಿನಗಳ ವೃತ್ತಾಂತ ಪಾಳಿ ಭಾಷೆಯಲ್ಲಿ ಒಂದು ರೀತಿ ಇದೆ, ಸಂಸ್ಕೃತದಲ್ಲಿ ಇನ್ನೊಂದು ರೀತಿ, ಚೀನೀ ಭಾಷೆಗೆ ಹೋದದ್ದು ಮತ್ತೊಂದು ರೀತಿ. ಚೀನೀ ನನಗೆ ಬಾರದು, ಅದರ ಇಂಗ್ಲಿಷ್ ಅನುವಾದ ಇಟ್ಟುಕೊಂಡಿದ್ದೆ. ಮೂರನ್ನೂ ಪಕ್ಕಪಕ್ಕದಲ್ಲಿ ಬರೆದು, ಎಲ್ಲಿ ಸೇರುತ್ತವೆ ಎಲ್ಲಿ ಬೇರೆಯಾಗುತ್ತವೆ ಎಂದು ಗುರುತು ಹಾಕುವುದು ನನ್ನ ಕೆಲಸ.

ಅಪ್ಪನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನಾವು ಹಾಸನದಿಂದ ಚೆನ್ನೈಗೆ ಬಂದಿದ್ದೆವು. ಅಮ್ಮ ಶಾಲೆಯ ಟೀಚರ್ ಕೆಲಸ ಬಿಟ್ಟು ಬಂದಿದ್ದಳು. ಅವಳ ತಮಿಳು ತರಕಾರಿ ಗಾಡಿಯ ಹತ್ತಿರವೇ ಮುಗಿದುಹೋಗುತ್ತಿತ್ತು. ಹಾಗಾಗಿ ಆಸ್ಪತ್ರೆಯಲ್ಲಿ ಡಾಕ್ಟರ ಮಾತನ್ನು ಅವಳಿಗೆ ಕನ್ನಡದಲ್ಲಿ ಹೇಳುವವಳು ನಾನು. ನನ್ನನ್ನೂ ಅಪ್ಪನನ್ನೂ ಹೊರಗೆ ಕರೆದು ಅವರು ಹೇಳಿದ್ದನ್ನು ಮಾತ್ರ ಹೇಳಲಿಲ್ಲ. ಹೊಟ್ಟೆಯ ಕ್ಯಾನ್ಸರ್, ಹರಡಿದೆ, ಆಪರೇಷನ್ ಮಾಡಿ ಪ್ರಯೋಜನವಿಲ್ಲ.

ಅಂದು ಸಂಜೆ ಅಪ್ಪ ಬಾಲ್ಕನಿಯಲ್ಲಿ ನಿಂತು ಒಂದು ಮಾತು ಕಟ್ಟಿದರು. "ಹಳೇ ಹುಣ್ಣು, ನಿಧಾನಕ್ಕೆ ಮಾಯುತ್ತೆ, ಪಥ್ಯ ಮುಖ್ಯ." ಅಮ್ಮ ಎಷ್ಟು ಸಲ ಕೇಳಿದರೂ ಇಷ್ಟೇ ಹೇಳಬೇಕು. ಮೈಸೂರಿನಲ್ಲಿದ್ದ ಚಿಕ್ಕಮ್ಮನಿಗೂ ಅದನ್ನೇ ಫೋನಿನಲ್ಲಿ ಹೇಳಿಕೊಟ್ಟರು.

ನಾನು ಕೆಲಸ ಮಾಡುವಾಗ ಅಮ್ಮ ಮೇಜಿನ ಇನ್ನೊಂದು ತುದಿಯಲ್ಲಿ ಕೂರುತ್ತಿದ್ದಳು. ಅಪ್ಪ ಕೋಯಂಬೇಡು ಮಾರ್ಕೆಟ್ಟಿನಿಂದ ತಂದ ಅವರೆಕಾಳು ನೆನೆಹಾಕಿ, ಒಂದೊಂದೇ ಹಿದುಕುತ್ತಾ, "ಸೊಗಡೇ ಇಲ್ಲ ಇದಕ್ಕೆ" ಅನ್ನುತ್ತಿದ್ದಳು. ಸಾರು ನಮಗಾಗಿ. ಅವಳಿಗೆ ಗಂಜಿ ಕೂಡ ಸೇರುತ್ತಿರಲಿಲ್ಲ.

"ಇವತ್ತು ಎಲ್ಲಿಗೆ ಬಂತೇ ನಿನ್ನ ಬುದ್ಧಂದು?"

"ಶಿಷ್ಯ ಅಳ್ತಾ ಇದಾನೆ."

ಗುರು ಇನ್ನು ಉಳಿಯುವುದಿಲ್ಲ ಎಂದು ತಿಳಿದು, ಸದಾ ಜೊತೆಯಲ್ಲಿದ್ದ ಶಿಷ್ಯ ಅಳುವ ಭಾಗ ಅದು. ಒಂದರಲ್ಲಿ ಆತ ಎದ್ದುಹೋಗಿ ಬಾಗಿಲಿಗೆ ಒರಗಿ ಅಳುತ್ತಾನೆ. ಇನ್ನೊಂದರಲ್ಲಿ ಗುರುವಿನ ಬೆನ್ನ ಹಿಂದೆಯೇ ನಿಂತು ಅಳುತ್ತಾನೆ.

"ಯಾವುದು ಸರಿ?"

"ಹೇಳಕ್ಕಾಗಲ್ಲಮ್ಮ. ಆದರೆ ಹೀಗೆ ಸಣ್ಣಪುಟ್ಟ ವ್ಯತ್ಯಾಸ ಇದ್ದರೇ ಒಳ್ಳೇದು. ಬೇರೆಬೇರೆ ಜನ ನೆನಪಿಟ್ಟುಕೊಂಡು ಬಂದಿದಾರೆ ಅಂತ. ದೂರದೂರದ ಮೂರು ಕಡೆ ಒಂದಕ್ಷರವೂ ಬದಲಾಗದೆ ಇದ್ದರೆ ಅನುಮಾನ ಪಡಬೇಕು. ಎಲ್ಲ ಒಂದೇ ಕಡೆಯಿಂದ ಇಳಿಸಿಕೊಂಡಿರೋದು."

"ಕಾಪಿ ಹೊಡೆದಿದಾರೆ ಅನ್ನು." ಅಮ್ಮ ನಕ್ಕಳು. "ನನ್ನ ಕ್ಲಾಸಲ್ಲೂ ಹಾಗೇ ಸಿಕ್ಕಿಬೀಳ್ತಿದ್ದರು ಕಣೇ. ಹಿಂದಿನ ಬೆಂಚಲ್ಲಿ ಎಲ್ಲರದ್ದೂ ಅದೇ ಉತ್ತರ."

ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ಚಿಕ್ಕಮ್ಮನ ಫೋನ್ ಬಂತು. ಅಪ್ಪ ಬ್ಯಾಂಕಿನಲ್ಲಿದ್ದರು. ಅಮ್ಮ ಮಾತಾಡಿ ರಿಸೀವರ್ ಇಟ್ಟು ಬಂದು ತನ್ನ ಜಾಗದಲ್ಲಿ ಕೂತಳು.

"ಹಳೇ ಹುಣ್ಣಂತೆ. ನಿಧಾನಕ್ಕೆ ಮಾಯುತ್ತಂತೆ. ಪಥ್ಯ ಮುಖ್ಯವಂತೆ."

ನಾನು ಬರೆಯುತ್ತಲೇ ಇದ್ದೆ.

"ನಿಮ್ಮಪ್ಪ ಹೇಳಿದ್ದೂ ಅದೇ, ನೀನು ಹೇಳಿದ್ದೂ ಅದೇ. ನಿಮ್ಮ ಚಿಕ್ಕಮ್ಮ ಹುಟ್ಟಿದಾಗಿನಿಂದ ಒಂದು ಮಾತನ್ನ ನೆಟ್ಟಗೆ ಹೇಳಿದವಳಲ್ಲ. ಹಾಲು ಉಕ್ಕಿತು ಅನ್ನೋಕೆ ಅರ್ಧ ಗಂಟೆ ಬೇಕು ಅವಳಿಗೆ." ಅಮ್ಮ ಹಾಳೆಯ ಮಡಿಕೆಯನ್ನು ಬೆರಳಿನಿಂದ ಸವರಿ ಸರಿಮಾಡಿದಳು. "ಮೂರೂ ಜನ ಮಾತಾಡಿಕೊಂಡಿದೀರಿ. ಡಾಕ್ಟರು ನಿಜವಾಗಿ ಏನಂದ್ರು?"

ನಾನು ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನಲ್ಲಿ ತಿರುಗಿಸಿದೆ. ಗಾಳಿ ಮಾತ್ರ ಬುಸ್ಸೆಂದು ಬಂದು ನಿಂತುಹೋಯಿತು.

"ಈಚೆಗೆ ಬಾ," ಅಮ್ಮ ಕರೆದಳು. "ನಲ್ಲೀಲಿ ನೀರಿಲ್ಲ. ಎಲ್ಲಾ ಕೇಳ್ಸುತ್ತೆ."

ಬಂದು ಹೇಳಿದೆ. ಡಾಕ್ಟರು ಆಡಿದ ಮಾತನ್ನು ಏನೂ ಬಿಡದೆ ಕನ್ನಡದಲ್ಲಿ ಹೇಳಿದೆ. ಅಮ್ಮ ಅವರೆಕಾಳು ಹಿದುಕುತ್ತಾ ಕೇಳಿಸಿಕೊಂಡಳು. ಹಿದುಕಿದ ಬೇಳೆ ಒಂದು ಕಡೆ, ಸಿಪ್ಪೆ ಒಂದು ಕಡೆ ಆಗುತ್ತಲೇ ಇತ್ತು.

"ಯುಗಾದಿ ಸಿಗುತ್ತಾ?"

"ಗೊತ್ತಿಲ್ಲಮ್ಮ."

"ನನಗೆ ಗೊತ್ತಾಗಿದೆ ಅಂತ ನಿಮ್ಮಪ್ಪನಿಗೆ ಹೇಳಬೇಡ. ಪಾಪ, ಅಷ್ಟು ಹೇಳೋದಕ್ಕೆ ಎಷ್ಟು ಒದ್ದಾಡಿದಾರೋ."

ಅಲ್ಲಿಂದ ಮುಂದೆ ದಿನಾ ಸಂಜೆ ಅಪ್ಪ ಅದೇ ಮಾತು ಹೇಳುವುದನ್ನೂ, "ಹೂಂ, ಇವತ್ತು ಎಷ್ಟೋ ವಾಸಿ" ಎಂದು ಅಮ್ಮ ಉತ್ತರಿಸುವುದನ್ನೂ ನಾನು ತಲೆ ಎತ್ತದೆ ಕೇಳುತ್ತಿದ್ದೆ. ಅವಳು ಹಾಸಿಗೆ ಹಿಡಿದ ಮೇಲೆ ಹಾಳೆಗಳನ್ನು ಸುತ್ತಿ ಬೀರುವಿನ ಮೇಲಿಟ್ಟೆ.

ಯುಗಾದಿ ಸಿಗಲಿಲ್ಲ.

ವೈಕುಂಠ ಸಮಾರಾಧನೆಯ ದಿನ ಊರಿನಿಂದ ನೆಂಟರು ಬಂದಿದ್ದರು. ಅಪ್ಪ ಗೋಡೆಗೆ ಒರಗಿ ಕೂತು, ಬಂದವರಿಗೆ ಹೇಳುತ್ತಿದ್ದರು. "ಅವಳಿಗೆ ಕೊನೇತನಕ ಏನೂ ಗೊತ್ತಾಗಲಿಲ್ಲ. ಅಷ್ಟರಮಟ್ಟಿಗೆ ನೆಮ್ಮದಿಯಾಗಿ ಹೋದಳು." ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ಬಂದರು. ಅಪ್ಪ ಮತ್ತೆ ಅದನ್ನೇ ಹೇಳಿದರು. ಕಾಫಿ ಕೊಡುತ್ತಿದ್ದ ನಾನು ಲೋಟ ಹಿಡಿದು ನಿಂತೆ. ಪದ ಬದಲಾಗಿರಲಿಲ್ಲ, ತಡವರಿಕೆಯೂ ಇರಲಿಲ್ಲ. ಯಾರಾದರೂ ಹೇಳಿಕೊಟ್ಟ ಮಾತು ಹಾಗಿರುತ್ತದೆ. ನನ್ನಿಂದ ಮಾತು ತೆಗೆದುಕೊಂಡ ಹಾಗೆ ಅಮ್ಮ ಅವರಿಂದಲೂ ತೆಗೆದುಕೊಂಡಿದ್ದಳೇ? ನನಗೆ ಗೊತ್ತಿದೆ, ಮಗಳಿಗೆ ಹೇಳಬೇಡಿ ಎಂದು?

ಅಪ್ಪ ತಲೆ ಎತ್ತಿ ನನ್ನನ್ನು ನೋಡಿದರು.

"ಅಲ್ವೇನಮ್ಮಾ?"

"ಹೌದಪ್ಪ," ಅಂದೆ. "ಕೊನೇತನಕ ಏನೂ ಗೊತ್ತಾಗಲಿಲ್ಲ."