ಒಂದು 'ಸಿ'ಯ ಸಂಕಟ

ಚಿತ್ರ ಬರೆಯುವುದಕ್ಕಿಂತ ಅದನ್ನು ಯಾರು ಬರೆದರೆಂದು ಹೇಳುವುದು ಹೆಚ್ಚು ಸುಸ್ತಿನ ಕೆಲಸ. ಅರವತ್ತರ ದಶಕದಲ್ಲಿ ನಾನು ಕೃಷ್ಣರಾಜನಗರದಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದಾಗ ಮೈಸೂರಿನ ವ್ಯಾಪಾರಿಗಳು ಹಳೆಯ ದೇವರ ಪಟಗಳಿಗಾಗಿ ಸುತ್ತಲಿನ ಹಳ್ಳಿಗಳನ್ನು ಅಲೆಯುತ್ತಿದ್ದರು. ಯಾವ ಪಟ ಯಾರದೆಂದು ಗುರುತು ಬರೆದುಕೊಡಲು ನಾನು. ಮಕ್ಕಳು ಬರೆದ ಕುದುರೆಗಳ ಕತ್ತೆ ಕಿವಿ ತಿದ್ದಿ ಸಾಕಾದವನಿಗೆ ಈ ಪಾಂಡಿತ್ಯವನ್ನು ಯಾರು ಅಂಟಿಸಿದರೋ ಕಾಣೆ.

ವ್ಯಾಪಾರಿಗಳ ಭಾಷೆಗೆ ಮೂರು ಮೆಟ್ಟಿಲು. 'ಇಂಥವರ ಕೈ' ಎಂದರೆ ಖಾತ್ರಿ. 'ಇಂಥವರದೆಂದು ಹೇಳುತ್ತಾರೆ' ಎಂದರೆ ಖಾತ್ರಿಯಿಲ್ಲ, ಆಸೆಯಿದೆ. 'ಇಂಥವರ ರೀತಿ' ಎಂದರೆ ಅವರದಲ್ಲ ಎನ್ನುವುದಕ್ಕೆ ಮರ್ಯಾದೆಯ ಮಾತು. ಜಾತಕ ಬರೆಯುವವರೂ ಇಷ್ಟು ಜಾಣರಲ್ಲ.

ಹೀಗೊಬ್ಬ ವ್ಯಾಪಾರಿ ನನ್ನನ್ನು ಸಾಲಿಗ್ರಾಮದ ಗೌರಮ್ಮನವರ ಮನೆಗೆ ಎಳೆದೊಯ್ದ. ಬಂಗಾರದ ರೇಕು ಹಚ್ಚಿದ ಪಟ್ಟಾಭಿಷೇಕದ ಪಟ. ಅಡಿಯಲ್ಲಿ 'ಬರೆದವರು' ಎಂದು, ಮುಂದೆ ಅವರ ಮಾವ ಪುಟ್ಟೇಗೌಡರ ಹೆಸರು. ನೇಗಿಲು ಹಿಡಿದ ಕೈ ರಾಮನನ್ನು ಬರೆಯಿತೆಂದರೆ ಪಟ್ಟಣದ ಗಿರಾಕಿಗೆ ಬೆರಗು. 'ಪುಟ್ಟೇಗೌಡರ ಕೈ' ಎಂದು ನಾನು ಬರೆದುಕೊಟ್ಟರೆ, ಪಟ ಮಾರಿದ ದುಡ್ಡಿನಲ್ಲಿ ಗೌರಮ್ಮನವರ ಮಗಳಿಗೆ ಕಾಲಿನಲ್ಲಿ ತುಳಿಯುವ ಹೊಲಿಗೆ ಮಿಷನ್ನು ಬರುತ್ತಿತ್ತು.

ಗಾಜು ಬಿಚ್ಚಿ ಹತ್ತಿಯಿಂದ ದೀಪದ ಹೊಗೆಯ ಮಸಿ ಒರೆಸಿದೆ. 'ಬರೆ'ಗೂ 'ದವರು'ಗೂ ನಡುವಿನ ಕಪ್ಪಿನಿಂದ ಒಂದು ಪುಟ್ಟ 'ಸಿ' ಎದ್ದು ಬಂತು. ಬರೆಸಿದವರು. ಗೌಡರು ಕುಂಚ ಹಿಡಿದವರಲ್ಲ, ಹೇಳಿ ಬರೆಸಿದವರು. ಒರೆಸದೇ ಇದ್ದಿದ್ದರೆ ಎಂದು ಈಗಲೂ ಅನ್ನಿಸುವುದುಂಟು.

"ಕೈ ಅಂತಲೇ ಬರೆದುಬಿಡಿ ಮೇಷ್ಟ್ರೇ" ಎಂದು ವ್ಯಾಪಾರಿ ಪಿಸುಗುಟ್ಟಿದ. ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಮುಖ ನೋಡಿ ನಾನು ಪೆನ್ನು ತೆಗೆದೂಬಿಟ್ಟೆ. ನೆನೆದರೆ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಗೌರಮ್ಮನವರು ಬೆರಳಿಟ್ಟು ಓದಿದರು. "ಇಲ್ಲೊಂದು 'ಸಿ' ಐತಲ್ಲ ಕಣ್ರೀ. ಅಂಗಾದ್ರೆ ಬರ್ದೋನ ಹೆಸ್ರೇನು?"

"ಗೊತ್ತಿಲ್ಲಮ್ಮ."

ಅವರು ಪಟದ ಮೇಲಿಂದ ಬೆರಳು ತೆಗೆದರು. "ಇಷ್ಟ್ ವರ್ಸ ಅವನ ಪಾಲಿನ ಹೆಸ್ರ ನಾವೇ ಉಂಡ್ವಲ್ಲ. ಬುಡಿ, ಇದ್ದದ್ದು ಇದ್ದಂಗೆ ಬರ್ಕೊಡಿ."

ಬರೆದುಕೊಟ್ಟೆ. ಹೆಸರಿಲ್ಲದ ಪಟಕ್ಕೆ ಬೆಲೆ ಇಳಿಯಿತು. ಕಾಲಿನ ಮಿಷನ್ನಿನ ಬದಲು ಕೈಯಲ್ಲಿ ತಿರುಗಿಸುವ ಹಳೆಯ ಮಿಷನ್ನು ಬಂತು. ಆ ಹುಡುಗಿ ಅದರಲ್ಲಿ ಮೊದಲು ಹೊಲಿದ ಜುಬ್ಬ ನನ್ನದು. ಒಂದು ತೋಳು ಎರಡು ಬೆರಳು ಗಿಡ್ಡ. ಅದನ್ನು ತೊಟ್ಟಾಗಲೆಲ್ಲ ಜನ ನಗುತ್ತ, ಇದು ಯಾರ ಕೈ ಎಂದು ಕೇಳುತ್ತಾರೆ. ನಾನು ಖಾತ್ರಿಯಾಗಿ ಉತ್ತರ ಹೇಳಬಲ್ಲ ವಸ್ತು ಅದೊಂದೇ.