ಗುರಣ್ಣ ಸರ್ ಕಲಿಸಿದ ಅನುಮಾನ

ಗುರಣ್ಣ ಸರ್ ಅವರಿಗೆ ಹಾಲು ಹಾಕುವವನ ಮೇಲೂ ಅನುಮಾನ, ಹವಾಮಾನ ಹೇಳುವವರ ಮೇಲೂ ಅನುಮಾನ. ಜೇವರ್ಗಿಯ ನಮ್ಮ ಡಿಗ್ರಿ ಕಾಲೇಜಿನಲ್ಲಿ ಅವರು ಕಾಮರ್ಸ್ ಪಾಠ ಮಾಡುತ್ತಾರೆ, ನಾನು ಇತಿಹಾಸ. ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ಎದುರುಬದುರು ಕೂತಿದ್ದರೂ, ಕ್ಲಾಸಿಗೆ ಹೋಗುವಾಗ ಅವರು ಬುತ್ತಿ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಜಡಿದೇ ಹೋಗುತ್ತಾರೆ. ಒಳಗಿರುವುದು ಜೋಳದ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ. ನಾನು ಅದನ್ನು ಕಾಣದವಳೇ? ಮೊದಮೊದಲು ಮೈ ಉರಿಯುತ್ತಿತ್ತು, ಈಗ ರೂಢಿಯಾಗಿದೆ.

ಇಂಥವರಿಗೆ ಪ್ರಿನ್ಸಿಪಾಲರು ಪ್ಲೇಸ್‌ಮೆಂಟ್ ಕೆಲಸ ವಹಿಸಿದರು. ಕೊನೆಯ ವರ್ಷದ ಮಕ್ಕಳಿಗೆ ನೌಕರಿ ಹುಡುಕುವುದು ಹೇಗೆ, ಸಂದರ್ಶನದಲ್ಲಿ ಕೂರುವುದು ಹೇಗೆ ಎಂದು ಶನಿವಾರ ಶನಿವಾರ ಕಲಿಸಬೇಕು. ಕಲಿಸುವುದರಲ್ಲಿ ಮನುಷ್ಯ ಗಟ್ಟಿ, ಸುಳ್ಳು ಹೇಳಬಾರದು. ನಮ್ಮ ಮಕ್ಕಳಿಗೆ 'ನಿಮ್ಮ ಬಗ್ಗೆ ಹೇಳಿ' ಎಂದರೆ ಸಾಕು, ಅಜ್ಜನಿಂದ ಶುರು ಮಾಡಿ ಯಾರ ಪೈಕಿ, ಯಾವ ಊರು, ಹೊಲ ಎಲ್ಲಿದೆ ಎಂದು ಹೇಳುತ್ತ ಹೋಗುತ್ತವೆ. ಗುರಣ್ಣ ಸರ್ ಅಲ್ಲೇ ತಡೆಯುತ್ತಿದ್ದರು.

"ನೌಕರಿ ಕೊಡಾಕತ್ತಿದ್ದು ನಿಮ್ಮಜ್ಜಗಲ್ಲ, ನಿನಗ. ನಿನ್ನ ಸುದ್ದಿ ಹೇಳು."

ಆದರೆ ಇದು ಅರ್ಧ ಪಾಠ ಮಾತ್ರ. ಉಳಿದರ್ಧ, ಕಂಪನಿಯವರನ್ನು ನಂಬಬೇಡಿ ಎಂಬುದು. ಅದಕ್ಕೂ ಕಾರಣವಿತ್ತು. ಹಿಂದೊಮ್ಮೆ ಕೋಟು ತೊಟ್ಟವನೊಬ್ಬ ಬಂದು, ಪುಣೆಯಲ್ಲಿ ನೌಕರಿ ಎಂದು ಹೇಳಿ, ಹುಡುಗರ ಅಸಲಿ ಅಂಕಪಟ್ಟಿಗಳನ್ನೆಲ್ಲ ಇಸಿದುಕೊಂಡು ಮಾಯವಾಗಿದ್ದ. ಅವನಿಗೆ ಹಾರ ಹಾಕಿದ್ದು ಇದೇ ಗುರಣ್ಣ ಸರ್.

ಅಂದಿನಿಂದ ಅವರು ನಮ್ಮ ಕಡೆಯ ಹಳೇ ಪದ್ಧತಿಯನ್ನೇ ಹಿಡಿದರು. ಹೆಣ್ಣು ಕೊಡುವ ಮೊದಲು ಹಿರಿಯರು ಸದ್ದಿಲ್ಲದೆ ಗಂಡಿನ ಊರಿಗೆ ಹೋಗಿ, ಚಹಾದಂಗಡಿಯಲ್ಲಿ ಕೂತು, ಮನೆತನ ಹೇಗೆ, ಹುಡುಗ ಕುಡಿಯುತ್ತಾನೋ ಎಂದು ವಿಚಾರಿಸಿ ಬರುವುದಿಲ್ಲವೇ? ಗುರಣ್ಣ ಸರ್ ಕಂಪನಿಗಳನ್ನು ಹಾಗೆ ವಿಚಾರಿಸತೊಡಗಿದರು. ಆಫೀಸಿನ ಎದುರಿನ ಹೋಟೆಲಿನಲ್ಲಿ ಕೂತು, ಪಗಾರ ಹೊತ್ತಿಗೆ ಆಗುತ್ತದೋ, ಹೆಣ್ಣುಮಕ್ಕಳು ಎಷ್ಟು ಹೊತ್ತಿಗೆ ಹೊರಬೀಳುತ್ತಾರೋ ಎಲ್ಲ ಕೇಳಿಕೊಂಡು ಬರುತ್ತಿದ್ದರು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ತಂದೆತಾಯಿಗಳನ್ನೂ ಕರೆಸಿ ಕೂರಿಸಿ ತಾಕೀತು ಮಾಡಿದರು.

"ಗುರ್ತಿಲ್ಲದವರು ಬಂದು ನಿಮ್ಮ ಹುಡುಗೀರ ಬಗ್ಗೆ ಕೇಳಿದ್ರ ಬಾಯಿ ಬಿಡಬ್ಯಾಡ್ರಿ. ಅಂಥಾಕಿ ಯಾರೂ ಇಲ್ಲ ಅನ್ರಿ. ನಾ ಹೇಳೂತನಕ ಯಾರಿಗೂ ಏನೂ ಹೇಳಬ್ಯಾಡ್ರಿ."

ಮುಂದಿನ ಸಾಲಿನಲ್ಲಿದ್ದ ಅಂದೋಲಾದ ಹಜರಾಬಿ ಎಲ್ಲರಿಗಿಂತ ಮೊದಲು ತಲೆಯಾಡಿಸಿದಳು. ಗಂಡ ಲಾರಿ ಡ್ರೈವರ್. ಗಡಿಯ ಖಜೂರಿ ದಾಟಿ ಮಹಾರಾಷ್ಟ್ರದ ಕಡೆ ಹೋದನೆಂದರೆ ವಾರಗಟ್ಟಲೆ ಬರುವುದಿಲ್ಲ. ಬೆಳೆದ ಮಗಳನ್ನು ಒಬ್ಬಳೇ ಕಾಯುವವಳಿಗೆ ಆ ಮಾತು ಎದೆಗೇ ಹೋಗಿತ್ತು.

ಆ ಮಗಳೇ ಮಿನಾಜ. ಬಿ.ಎಸ್ಸಿ. ಓದಿದ ಚುರುಕು ಹುಡುಗಿ. ಕಲಬುರಗಿಯ ಒಂದು ತೊಗರಿಬೇಳೆ ಕಂಪನಿಯ ಲ್ಯಾಬಿಗೆ ಅರ್ಜಿ ಹಾಕಿ, ಸಂದರ್ಶನದಲ್ಲಿ ಎದೆಗುಂದದೆ ಮಾತಾಡಿ ಆಯ್ಕೆಯಾದಳು. ಮನೆಯಲ್ಲಿ ಆಕೆಯ ನಿಕಾಹದ ಮಾತು ಆಗಲೇ ಎದ್ದಿತ್ತು. ನೌಕರಿ ಸಿಕ್ಕರೆ ಅದನ್ನು ಮುಂದೂಡುತ್ತೇನೆಂದು ತಂದೆ ಮಾತು ಕೊಟ್ಟಿದ್ದ. ಸಿಗದಿದ್ದರೆ ಇಲ್ಲ. ಗುರಣ್ಣ ಸರ್ ಹೋಟೆಲಿನಲ್ಲಿ ಕೂತು ಬಂದು, "ಕಂಪನಿ ಛಲೋ ಅದ" ಎಂದದ್ದು ನನಗೇ ಆಶ್ಚರ್ಯವಾಯಿತು.

ಹದಿನೈದು ದಿನವಾಗಿರಲಿಕ್ಕಿಲ್ಲ, ಕಪ್ಪು ಕನ್ನಡಕದವನೊಬ್ಬ ಬೈಕಿನಲ್ಲಿ ನಮ್ಮ ಕಾಲೇಜಿಗೆ ಬಂದ. ಸಂತೋಷಕುಮಾರ ಎಂದು ಹೆಸರು ಹೇಳಿದ. ಮೊಬೈಲಿನಲ್ಲಿ ಮಿನಾಜಳ ಫೋಟೊ ತೋರಿಸಿ, "ಈಕಿ ಇಲ್ಲೇ ಓದ್ಯಾಳೇನ್ರಿ? ನಡತಿ ಹೆಂಗರಿ?" ಎಂದು ಕೇಳಿದ. ಪರಪುರುಷನ ಮೊಬೈಲಿನಲ್ಲಿ ನಮ್ಮ ಹುಡುಗಿಯ ಫೋಟೊ! ನನಗೂ ಕಸಿವಿಸಿಯಾಯಿತು. ಗುರಣ್ಣ ಸರ್ ಮುಖ ಕೆಂಪಾಯಿತು.

"ಇಂಥಾಕಿ ಇಲ್ಲಿ ಓದೇ ಇಲ್ಲ. ನಡೀರಿ."

ಅವನು ಕಂಪನಿಯ ಹೆಸರು ಹೇಳಿದ, ಕೊರಳ ಕಾರ್ಡನ್ನೂ ಎತ್ತಿ ತೋರಿಸಿದ. ಆ ಕೋಟಿನವನೂ ಕಾರ್ಡು ತೋರಿಸಿದ್ದ. ಗುರಣ್ಣ ಸರ್ ಗೇಟಿನ ತನಕ ಬೆನ್ನಟ್ಟಿ ಹೋಗಿ ಬೈಕಿನ ನಂಬರು ಬರೆದುಕೊಂಡು ಬಂದರು. ಸಂಜೆ ಅಂದೋಲಾದಿಂದ ಫೋನು ಬಂತು. ಅವನು ಅಲ್ಲಿಗೂ ಹೋಗಿದ್ದನಂತೆ. ಓಣಿಯವರೆಲ್ಲ ಮಿನಾಜ ಎಂಬ ಹೆಸರನ್ನೇ ಕೇಳಿಲ್ಲ ಎಂದು ಸಾಗಹಾಕಿದ್ದರು. "ಶಾಬಾಶ್!" ಎಂದು ಗುರಣ್ಣ ಸರ್ ಅಂದು ನನಗೂ ಚಹಾ ತರಿಸಿದರು.

ಮರುವಾರ ಮಿನಾಜ ಸ್ಟಾಫ್ ರೂಮಿಗೆ ಬಂದಳು. ಅತ್ತು ಅತ್ತು ಕಣ್ಣು ಊದಿದ್ದವು.

"ಸರ್, ನೌಕರಿ ಹೋತ್ರಿ. ಮನ್ಯಾಗ ಇನ್ನೂ ಹೇಳಿಲ್ರಿ. ಕಂಪನಿಯವರು ವಿಚಾರ್ಸಾಕ ಮನುಷ್ಯಾನ್ನ ಕಳಿಸಿದ್ರಂತ. ಊರಾಗ ನಾ ಇಲ್ಲಂತ, ಕಾಲೇಜಿನ್ಯಾಗ ಓದೇ ಇಲ್ಲಂತ. ಸರ್ಟಿಫಿಕೇಟ್ ಖೊಟ್ಟಿ ಅನ್ನಾಕತ್ತಾರ್ರಿ. ಕಾಲೇಜಿನ್ಯಾಗ ಯಾರ್ರಿ ಹಂಗ ಹೇಳಿದವ್ರು?"

ಗುರಣ್ಣ ಸರ್ ಬೈಕಿನ ನಂಬರು ಬರೆದುಕೊಂಡಿದ್ದ ಚೀಟಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು. ನಾವು ವಿಚಾರಿಸಿದ ಹಾಗೆ ಅವರೂ ವಿಚಾರಿಸಬಹುದು ಎಂಬುದು ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಗಂಡಿನವರೂ ಹೆಣ್ಣಿನ ಮನೆಯನ್ನು ನೋಡುತ್ತಾರಲ್ಲವೇ?

ಮರುದಿನವೇ ಮೂವರೂ ಕಲಬುರಗಿಯ ಬಸ್ಸು ಹತ್ತಿದೆವು. ಮ್ಯಾನೇಜರ್ ಗುರಣ್ಣ ಸರ್ ಅವರ ಗುರುತಿನ ಚೀಟಿಯನ್ನು ಹಿಂದೆಮುಂದೆ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು.

"ಇಲ್ಲ ಅಂದವರೂ ನೀವೇ, ಅದಾಳ ಅನ್ನವರೂ ನೀವೇ. ಯಾವುದು ಖರೇ ಅಂತ ನಂಬ್ಲಿ?"

ತಾವು ದಿನವೂ ಕೇಳುವ ಪ್ರಶ್ನೆಯನ್ನು ಎದುರಿನವರು ಕೇಳಿದಾಗ ಗುರಣ್ಣ ಸರ್ ಬೆವರಿದರು. ನನಗೆ ಒಳಗೊಳಗೇ ನಗು, ಪಕ್ಕದಲ್ಲಿದ್ದ ಹುಡುಗಿಯ ಮುಖ ನೋಡಿ ಸಂಕಟ.

ಮ್ಯಾನೇಜರ್ ತಮ್ಮ ಆಫೀಸಿನ ಫೋನಿನಿಂದ ಹಜರಾಬಿಗೆ ಕರೆ ಮಾಡಿ, ನಮಗೂ ಕೇಳುವಂತೆ ಸ್ಪೀಕರ್ ಹಚ್ಚಿದರು. ಮಿನಾಜಳ ತಾಯಿಯೇ ಎಂದು ವಿಚಾರಿಸಿದರು.

"ಯಾವ ಮಿನಾಜ್ರಿ? ನನಗ ಮಗಳೇ ಇಲ್ಲ."

ಮಿನಾಜ ಕೂತಲ್ಲೇ ಕುಗ್ಗಿಹೋದಳು. ಗುರಣ್ಣ ಸರ್ ಫೋನಿಗೆ ಬಾಗಿ, "ಅಕ್ಕಾ, ನಾ ಗುರಣ್ಣ ಸರ್ ಮಾತಾಡಾಕತ್ತೇನಿ!" ಎಂದು ಕೂಗಿದರು.

"ಸರ್ ದನಿ ತಗದ್ರ ನಂಬ್ತೇನೇನು? ಇಡಪಾ ಫೋನು!"

ಮಿನಾಜ ತನ್ನ ಮೊಬೈಲು ತೆಗೆದಳು. ಆ ಕಡೆ ಯಾರಿರುತ್ತಾರೆಂದು ತನಗೇನು ಗೊತ್ತು ಎಂದು ಮ್ಯಾನೇಜರ್ ಅದನ್ನೂ ಒಪ್ಪಲಿಲ್ಲ. ನಾಳೆ ತಾಯಿ ಆಧಾರ್ ಕಾರ್ಡು ಹಿಡಿದು ಇಲ್ಲಿಗೇ ಬಂದು, ಈಕೆ ನನ್ನ ಮಗಳು ಎಂದು ಎದುರಿಗೆ ಹೇಳಲಿ, ಕೂಡಲೇ ನೇಮಕದ ಆರ್ಡರ್ ಕೊಡುತ್ತೇನೆ, ಇಲ್ಲವಾದರೆ ಮುಂದಿನವರನ್ನು ಕರೆಯುತ್ತೇನೆ ಎಂದರು.

ಮರುದಿನ ಹಜರಾಬಿ ನಮ್ಮ ಜೊತೆ ಕಲಬುರಗಿಗೆ ಬಂದಳು. ಇಸ್ತ್ರಿ ಮಾಡಿದ ಬುರ್ಖಾ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಮಗಳು ಬಸ್ಸಿನಲ್ಲಿ ಎಲ್ಲ ಬಿಡಿಸಿ ಹೇಳಿದ್ದಳು. ಆದರೂ ಆಫೀಸಿನ ಬಾಗಿಲು, ಕುರ್ಚಿ, ಮ್ಯಾನೇಜರ್ ಮುಖ ಎಲ್ಲವನ್ನೂ ಅನುಮಾನದಿಂದಲೇ ನೋಡಿದಳು. ಮ್ಯಾನೇಜರ್ ಕಾರ್ಡು ನೋಡಿ ಮೆಲ್ಲಗೆ ಕೇಳಿದರು.

"ಈಕಿ ನಿಮ್ಮ ಮಗಳೇನಮ್ಮ?"

ಹಜರಾಬಿ ಮ್ಯಾನೇಜರನ್ನು ನೋಡಲಿಲ್ಲ. ಮಗಳನ್ನೂ ನೋಡಲಿಲ್ಲ. ಗುರಣ್ಣ ಸರ್ ಕಡೆಗೆ ತಿರುಗಿದಳು.

"ಹೇಳ್ಲೇನ್ರಿ ಸರ್?"

ಇಡೀ ತಾಲೂಕಿಗೆ ಬಾಯಿ ಮುಚ್ಚಲು ಕಲಿಸಿದ ಮನುಷ್ಯ ಅಂದು ಬಾಯಿ ತೆರೆಯಲಾರದೆ ನಿಂತರು. ಹೆತ್ತವಳು ತನ್ನ ಮಗಳನ್ನು ತನ್ನವಳು ಎನ್ನಲು ಅವರ ಅಪ್ಪಣೆ ಕೇಳಿದ್ದಳು. ಗುರಣ್ಣ ಸರ್ ಎರಡೂ ಕೈ ಜೋಡಿಸಿ ತಲೆಯಾಡಿಸಿದರು.

"ನನ್ನ ಮಗಳೇ ರೀ," ಎಂದಳು ಹಜರಾಬಿ, ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದು. "ನನ್ನ ಹೊಟ್ಯಾಗ ಹುಟ್ಟಿದಾಕಿ."