ಗಂಟೆಮಾವನ ಸಭೆ ಅಮಾನತಿನಲ್ಲಿದೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪ್ರಾಂತ್ಯ ಸಭೆಯ ಮೊಗಸಾಲೆಯಲ್ಲಿ ಗಂಟೆಮಾವ ಸ್ಟೂಲಿನ ಮೇಲೆ ನಿಂತು, ಗೋಡೆಯ ಪೆಟ್ಟಿಗೆಯೊಳಗಿನ ಕೆಂಪು ಗುಂಡಿಯನ್ನು ಒಣಬಟ್ಟೆಯಿಂದ ಒರೆಸುತ್ತಿದ್ದಾರೆ. ಸ್ವಲ್ಪ ಒತ್ತಿದರೂ ಕಟ್ಟಡದ ತುಂಬ ಗಂಟೆ ಕಿರುಚಿಕೊಳ್ಳುತ್ತದೆ. ಹಾಗಾಗಿ ನೆಗಡಿಯಾದ ಮಗುವಿನ ಮೂಗು ಒರೆಸುವಷ್ಟು ಮೆತ್ತಗೆ ಕೈ ಆಡಿಸುತ್ತಾರೆ. ಇವತ್ತು ಮಧ್ಯಾಹ್ನ ಈ ಗುಂಡಿಯನ್ನು ಕಿತ್ತು ಒಪ್ಪಿಸಬೇಕು, ಅದೂ ಅವರೇ ಕೀಳಬೇಕು ಎಂದು ಆದೇಶವಾಗಿದೆ. ಮಧ್ಯಾಹ್ನ ಕೀಳುವುದನ್ನು ಬೆಳಿಗ್ಗೆ ಯಾಕೆ ಒರೆಸುತ್ತೀರಿ ಎಂದು ಕೇಳಿದರೆ ಕೈ ನಿಲ್ಲಿಸಿ ಯೋಚಿಸುತ್ತಾರೆ.

"ಅದೇ ನಂಗೂ ತಿಳೀತಿಲ್ಲ. ಬೆಳಿಗ್ಗೆ ಅಂದ್ರೆ ಒರೆಸೋದು, ಅಷ್ಟೇ."

ಅವರ ಹೆಸರು ಸಂಬಳದ ಪಟ್ಟಿಗೆ ಮಾತ್ರ ಗೊತ್ತು. ಕಾವಲಿನವರಿಂದ ಹಿಡಿದು ಮಂತ್ರಿಗಳವರೆಗೆ ಎಲ್ಲರಿಗೂ ಅವರು ಗಂಟೆಮಾವ. ಸಭೆಯಲ್ಲಿ ಯಾವುದೇ ವಿಷಯ ಮತಕ್ಕೆ ಬಂದರೆ ಈ ಗುಂಡಿಯನ್ನು ಅದುಮಿ ಹಿಡಿಯುವುದು ಅವರ ಕೆಲಸ. ಕ್ಯಾಂಟೀನು, ಗ್ರಂಥಾಲಯ, ಶೌಚಾಲಯ, ರಸ್ತೆಯಾಚೆಯ ಸದಸ್ಯರ ವಸತಿಗೃಹ ಎಲ್ಲ ಕಡೆಯೂ ಗಂಟೆ ಮೊಳಗುತ್ತದೆ. ಎಲ್ಲಿದ್ದವರು ಅಲ್ಲಿಂದ ಎದ್ದುಬಿದ್ದು ಓಡಿ ಬರುತ್ತಾರೆ. ಗೊತ್ತು ಮಾಡಿದ ಹೊತ್ತು ಮುಗಿದು ಮಾವ ಕೈ ಬಿಟ್ಟರೆ ಗಂಟೆ ನಿಂತಿತು, ಗಂಟೆ ನಿಂತರೆ ಬಾಗಿಲು ಮುಚ್ಚಿತು. ಒಂದು ಸಲ ಆಳುವ ಪಕ್ಷದ ಭಾರಿ ದೇಹದವರೊಬ್ಬರು ಕ್ಯಾಂಟೀನಿನಲ್ಲಿ ತಟ್ಟೆ ಬಿಟ್ಟೆದ್ದು ಮೆಟ್ಟಿಲು ಹತ್ತುತ್ತಿದ್ದಾಗಲೇ ಸಮಯ ಮುಗಿದು, ಒಂದೇ ಮತದಲ್ಲಿ ಸರ್ಕಾರ ಬಿತ್ತು. "ಇನ್ನೊಂದು ಗಳಿಗೆ ಒತ್ತಿ ಹಿಡೀಬಾರದಿತ್ತಾ ಅಂತ ಅವ್ರು ಈಗಲೂ ಸಿಕ್ಕಿದಾಗೆಲ್ಲ ಕೇಳ್ತಾರೆ. ನಾನೇನು ಮಾಡ್ಲಿ, ಹಸಿವಿಗೂ ಹೊತ್ತು ಗೊತ್ತು ಬೇಡವೇ?" ಎಂದು ಮಾವ ನಗುತ್ತಾರೆ.

ಆ ನಗು ಈಚೆಗೆ ಕಡಿಮೆ. ದೊಡ್ಡ ನೆರೆ ಬಂದು ಏರಿ ಒಡೆದ ವರ್ಷ ರಾಜಧಾನಿಯವರು ತುರ್ತು ಅಧಿಕಾರ ಘೋಷಿಸಿ, ಪ್ರಾಂತ್ಯದ ಆಡಳಿತವನ್ನು ಕೈಗೆ ತೆಗೆದುಕೊಂಡರು. ಆಗ ಬೇಡವೆಂದವರು ಯಾರೂ ಇರಲಿಲ್ಲ. ಮಾವನ ಮನೆಯೊಳಗೇ ಮೊಣಕಾಲುದ್ದ ನೀರು. ಇಲ್ಲಿನ ಮಂತ್ರಿಗಳು ನೀನೋ ನಾನೋ ಎಂದು ಕಚ್ಚಾಡುತ್ತಿದ್ದಾಗ ರಾಜಧಾನಿಯ ಲಾರಿಗಳು ಕಂಬಳಿ ಹೊತ್ತು ಬಂದವು. "ಸುಳ್ಳು ಹೇಳಬಾರದು, ಆ ಕಂಬಳಿ ಈಗಲೂ ಹೊದ್ದುಕೊಳ್ತೀವಿ" ಎನ್ನುತ್ತಾರೆ. ನೀರು ಇಳಿಯಿತು, ಕೆಸರು ಒಣಗಿ ಧೂಳಾಯಿತು. ತುರ್ತು ಮಾತ್ರ ಇಳಿಯಲಿಲ್ಲ. ಮುಂದುವರಿಕೆಯ ಮೇಲೆ ಮುಂದುವರಿಕೆ ಬರುತ್ತಲೇ ಇದೆ. ಈಗ ಇಲ್ಲಿ ಮಳೆ ಬಂದರೆ ಶಾಲೆಗೆ ರಜೆ ಕೊಡಬೇಕೋ ಬೇಡವೋ ಎಂದು ರಾಜಧಾನಿಯನ್ನು ಕೇಳಬೇಕು. ರಜೆಯ ಆದೇಶ ಬರುವಷ್ಟರಲ್ಲಿ ಬಿಸಿಲು ಬಂದಿರುತ್ತದೆ, ಮಕ್ಕಳು ಮಳೆಯ ರಜೆಯನ್ನು ಬಿಸಿಲಿನಲ್ಲಿ ಆಡಿ ಕಳೆಯುತ್ತವೆ.

ಸಭೆಯನ್ನು ರದ್ದು ಮಾಡಿಲ್ಲ, ಅಮಾನತಿನಲ್ಲಿಟ್ಟಿದ್ದಾರೆ. ಮಾವನನ್ನು ಕಾಡುತ್ತಿರುವುದು ಈ ಒಂದು ಪದ. ಅವರ ತಾಯಿ ಬಸ್ ನಿಲ್ದಾಣದಲ್ಲಿ ಅಮಾನತು ಕೋಣೆ ನೋಡಿಕೊಳ್ಳುತ್ತಿದ್ದರು. ಪ್ರಯಾಣಿಕರು ಗಂಟುಮೂಟೆ ಇಟ್ಟು ಹೋಗುತ್ತಿದ್ದರು, ಬಂದು ಬಿಡಿಸಿಕೊಳ್ಳುತ್ತಿದ್ದರು. "ಅಮ್ಮ ಒಂದು ಗಂಟನ್ನೂ ಬಿಚ್ಚಿ ನೋಡಿದವಳಲ್ಲ. ಅಮಾನತು ಅಂದ್ರೆ ನಂಬಿ ಇಟ್ಟಿದ್ದು. ಸಭೆನೂ ಹಾಗೇ ಯಾರ ಹತ್ರಾನೋ ಇಟ್ಟಿದ್ದಾರೆ, ಇಟ್ಟ ಹಾಗೇ ವಾಪಸ್ ಬರುತ್ತೆ ಅಂದ್ಕೊಂಡಿದ್ದೆ."

ಕಚೇರಿಯ ಟೈಪಿಸ್ಟ್ ಒಪ್ಪುವುದಿಲ್ಲ. "ಮಾವ, ಲಂಚ ತಗೊಂಡ ಗುಮಾಸ್ತನ್ನ ಅಮಾನತು ಮಾಡ್ತಾರಲ್ಲ, ಅದು ಇದು. ಮನೇಲಿ ಕೂತ್ಕೋ ಅಂತ."

"ಹಂಗಾದ್ರೆ ಸಭೆ ಏನು ತಪ್ಪು ಮಾಡ್ತು?"

ಟೈಪಿಸ್ಟ್ ಚಹಾ ಲೋಟವನ್ನು ಮಾವನತ್ತ ಸರಿಸುತ್ತಾರೆ. ಒಂದು ತಿಂಗಳು ಸಭಾಂಗಣದ ಮೈಕುಗಳು ರಾಜಧಾನಿಗೆ ಹೋದವು. ಇನ್ನೊಂದು ತಿಂಗಳು ಕಡತಗಳ ಕಪಾಟು ಹೋಯಿತು. ನಂಬಿ ಇಟ್ಟ ಗಂಟಿನಿಂದ ಒಂದೊಂದೇ ಬಟ್ಟೆ ಎಳೆದಂತೆ ಮಾವನಿಗೆ ಅನಿಸಿದೆ. ಆದರೆ ಕಂಬಳಿ ಕೊಟ್ಟವರೂ ಅವರೇ ಅಲ್ಲವೇ ಎಂದು ಮರುಕ್ಷಣವೇ ಅನಿಸುತ್ತದೆ.

ಹೀಗಿರುವಾಗ ಹೋದ ವಾರ ಎಡವಟ್ಟಾಯಿತು. ತುಕ್ಕು ಹಿಡಿಯದಿರಲೆಂದು ಮಾವ ದಿನವೂ ಗುಂಡಿಯನ್ನು ಚೂರೇ ಒತ್ತಿ 'ಟ್ರಿಣ್' ಎನ್ನಿಸುತ್ತಿದ್ದರು. ಅವತ್ತು ಬೆರಳು ತೆಗೆಯಲೇ ಇಲ್ಲ. ಗುಂಡಿ ಅಂಟಿಕೊಂಡಿತೆಂದು ಅವರು ಹೇಳುತ್ತಾರೆ. ಅಂಟಿಕೊಂಡದ್ದು ಗುಂಡಿಯೋ ಮನಸ್ಸೋ ಎಂದು ಹೆಂಡತಿ ಕೇಳುತ್ತಾರೆ. ಗಂಟೆ ಒಂದೇ ಸಮನೆ ಮೊಳಗಿತು. ಬಟ್ಟೆಬರೆ ಕಟ್ಟಿಕೊಂಡು ಊರಿಗೆ ಹೋಗಲು ಮನಸ್ಸಾಗದೆ ವಸತಿಗೃಹದಲ್ಲೇ ಉಳಿದಿದ್ದ ಸದಸ್ಯರು ಓಡಿ ಬಂದರು. ಒಬ್ಬರ ಕೆನ್ನೆಯಲ್ಲಿ ಅರ್ಧ ಕ್ಷೌರದ ನೊರೆ. ಮುದುಕಿ ಸದಸ್ಯೆಯೊಬ್ಬರ ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ.

"ಕರೆದಿದ್ದಾರಾ ಮಾವ?"

ಮಾವ ಗುಂಡಿಯಿಂದ ಬೆರಳು ತೆಗೆದು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು. ಅವರೆಲ್ಲ ಒಳಗೆ ಹೋಗಿ ಸಿಕ್ಕ ಸಿಕ್ಕಲ್ಲಿ ಕೂತರು, ಎಣ್ಣೆ ಸೀಗೆಕಾಯಿಯಂತಿದ್ದ ಇಬ್ಬರು ಅಕ್ಕಪಕ್ಕವೇ. "ನಾವೀಗ ಹಾಲಿನಾ, ಮಾಜಿನಾ?" ಎಂದು ಒಬ್ಬರು ಕೇಳಿದರು. "ಹಾಲಿ ಅನ್ನೋಣ ಅಂದ್ರೆ ಹಾಲು ಒಡೆದು ಹೋಗಿದೆ, ಚೆಲ್ಲೋಣ ಅಂದ್ರೆ ಮನಸ್ಸಿಲ್ಲ" ಎಂದರು ನೊರೆ ಕೆನ್ನೆಯವರು. ಮುದುಕಿ ಸದಸ್ಯೆ ಅಭ್ಯಾಸ ಬಲದಿಂದ ಎದ್ದು "ಮಾನ್ಯ ಅಧ್ಯಕ್ಷರೇ" ಎಂದುಬಿಟ್ಟರು. ಎದುರಿನ ಪೀಠ ಖಾಲಿ ಇತ್ತು. ಹಾಗೇ ನಿಂತರು, ಆಮೇಲೆ ಕೂತರು. ಅಷ್ಟರಲ್ಲಿ ಕಾವಲಿನವರು ಬಂದು, ತುರ್ತು ಇರುವಾಗ ಐದು ಜನಕ್ಕಿಂತ ಹೆಚ್ಚು ಮಂದಿ ಒಂದೆಡೆ ಸೇರುವಂತಿಲ್ಲ, ಹೆಚ್ಚಿದ್ದವರು ಎದ್ದು ಹೊರಗೆ ಬನ್ನಿ ಎಂದರು. ಯಾರು ಹೆಚ್ಚು ಎಂದು ಯಾರಿಗೂ ತಿಳಿಯದೆ ಎಲ್ಲರೂ ಎದ್ದರು.

ಗುಂಡಿ ಕೀಳುವ ಆದೇಶ ಬಂದದ್ದು ಅದರ ಮರುದಿನ. "ಬೆಕ್ಕಿಗೆ ಗಂಟೆ ಕಟ್ಟೋರು ಸಿಗಲ್ಲ ಅಂತಾರೆ. ಇಲ್ಲಿ ಬೆಕ್ಕೇ ಬಂದು ಗಂಟೆ ಬಿಚ್ಚಿಸ್ತಿದೆ ನೋಡಿ" ಎಂದು ಟೈಪಿಸ್ಟ್ ಪಿಸುಗುಟ್ಟುತ್ತಾರೆ. ಮಾವ ತಾನು ಕೀಳುವುದಿಲ್ಲ ಎನ್ನಬಹುದಿತ್ತು. ಹಾಗೆಂದರೆ ಇನ್ಯಾರೋ ಇಕ್ಕಳ ಹಿಡಿದು ಬಂದು ತಂತಿಯನ್ನು ಬುಡಕ್ಕೇ ಕತ್ತರಿಸುತ್ತಾರೆ. ಆ ತಂತಿ ಯಾವ ಗೋಡೆಯೊಳಗೆ ಹೇಗೆ ಹೋಗಿದೆ ಎಂದು ಬಲ್ಲವರು ಈಗ ಉಳಿದಿಲ್ಲ. ನಿನ್ನೆಯೆಲ್ಲ ಅವರು ಇದನ್ನೇ ಮನಸ್ಸಿನಲ್ಲಿ ಮೆಲುಕು ಹಾಕಿದ್ದಾರೆ. ಅತ್ತ ದರಿ, ಇತ್ತ ಪುಲಿ.

ಮಧ್ಯಾಹ್ನ ರಾಜಧಾನಿಯಿಂದ ಬಂದಿರುವ ಆಡಳಿತಾಧಿಕಾರಿಯೇ ಸ್ಟೂಲು ಹಿಡಿದು ನಿಲ್ಲುತ್ತಾರೆ. ಮಗಳ ವಯಸ್ಸಿನ ಹೆಣ್ಣುಮಗಳು. ಕೆಟ್ಟವರಲ್ಲ, ಕಣ್ಣಲ್ಲಿ ನಿದ್ದೆಯಿಲ್ಲ. ಮಾವ ಮೇಲಿನಿಂದಲೇ ಕೇಳುತ್ತಾರೆ: "ಇದು ಯಾವ ಅಮಾನತು, ತಾಯಿ? ವಾಪಸ್ ಕೊಡೋದಾ, ಕೊಡದೇ ಇರೋದಾ?"

"ನಂಗೆ ಬಂದಿರೋದ್ರಲ್ಲಿ ಮುಂದಿನ ಆದೇಶದವರೆಗೆ ಅಂತಿದೆ, ಮಾವ. ಆ ಮುಂದಿನ ಆದೇಶ ಯಾರು ಬರೀಬೇಕು ಅಂತ ನಾನೂ ಹುಡುಕಿದೆ. ಸಿಗ್ಲಿಲ್ಲ."

ಮಾವ ತಲೆಯಾಡಿಸಿ ತಿರುಪು ಬಿಚ್ಚುತ್ತಾರೆ. ಗುಂಡಿ ಕೈಗೆ ಬರುತ್ತದೆ. ತಂತಿಯ ತುದಿಗಳನ್ನು ಕತ್ತರಿಸುವುದಿಲ್ಲ. ಒಂದೊಂದಕ್ಕೂ ಅಂಟುಪಟ್ಟಿ ಸುತ್ತಿ, ಮತ್ತೆ ಕೂಡಿಸಲು ಬರುವಂತೆ ಪೆಟ್ಟಿಗೆಯೊಳಗೆ ಮಡಿಸಿಡುತ್ತಾರೆ. ಅಧಿಕಾರಿ ನೋಡುತ್ತಾರೆ, ಬೇಡವೆನ್ನುವುದಿಲ್ಲ. ಮಾವ ಸ್ಟೂಲಿನಿಂದ ಇಳಿದು, ಗುಂಡಿಯನ್ನು ಇನ್ನೊಮ್ಮೆ ಒರೆಸಿ ಅವರ ಕೈಗೆ ಒಪ್ಪಿಸುತ್ತಾರೆ.

ಸಂಜೆ ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಅಂಗಿಗೆ ಕಾಜಾ ಹಾಕುತ್ತಿದ್ದಾರೆ. ಮಾವನಿಗೆ ನಾಳೆಯಿಂದ ಗೋದಾಮಿನ ಬಾಗಿಲಲ್ಲಿ ಕೆಲಸ. ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಗುಂಡಿ ಒರೆಸುತ್ತಿದ್ದ ಒಣಬಟ್ಟೆಯನ್ನು ಮಡಿಸುತ್ತಾ ಹೇಳುತ್ತಾರೆ.

"ದೊಡ್ಡದೇನಿಲ್ಲ. ಸಭೆ ಮತ್ತೆ ಸೇರೋ ದಿನ ನಂಗೊಂದು ಮಾತು ಹೇಳಿ ಕಳಿಸಲಿ, ಸಾಕು. ಗಂಟೆ ಇಲ್ದಿದ್ರೆ ಬಾಯಲ್ಲೇ ಕೂಗಿ ಕರೀತೀನಿ."

ಹೆಂಡತಿ ಯಂತ್ರ ನಿಲ್ಲಿಸುತ್ತಾರೆ.

"ಹೇಳಿ ಕಳಿಸೋರು ಯಾರು? ಎಲ್ಲರನ್ನೂ ಕರೆಯೋ ಕೆಲಸ ನಿಮ್ದೇ ಆಗಿತ್ತಲ್ರೀ."